ತಪ್ಪಿಗೆ ಕಟ್ಟಿದ ಕಂತು

ಮಂಜಮ್ಮನಿಗೆ ಹೊಟ್ಟೆಕಿಚ್ಚು ಉಂಟು ಎಂದು ಹೇಳಿದ್ದರೆ ಚಳ್ಳಕೆರೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ನೆರೆಮನೆಯ ಮಗುವಿಗೆ ಜ್ವರ ಬಂದರೆ ಮೊದಲು ಓಡುವವಳು ಅವಳು. ಬಾಣಂತಿ ಮನೆಗೆ ಖಾರದ ಪುಡಿ ಕುಟ್ಟಿಕೊಡುವವಳು ಅವಳು. ಸಾವಿನ ಮನೆಯಲ್ಲಿ ಅಳುವವರ ಬೆನ್ನು ಸವರುವವಳೂ ಅವಳೇ. ನನ್ನಿವಾಳ ಎಂಬ ಹಳ್ಳಿಯಲ್ಲಿ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ಲೆಕ್ಕ ಬರೆಯುವ ಕ್ಯಾತಪ್ಪನ ಕೈ ಹಿಡಿದು ಪೇಟೆಗೆ ಬಂದವಳು. ಓದು ಅಷ್ಟಕ್ಕಷ್ಟೆ. ಆದರೆ ಒಮ್ಮೆ ಕಿವಿಗೆ ಬಿದ್ದ ಮಾತು ಬ್ರಹ್ಮಗಿರಿಯ ಬಂಡೆಯ ಮೇಲಿನ ಹಳೆಯ ಶಾಸನದ ಅಕ್ಷರದ ಹಾಗೆ, ಅಲ್ಲೇ ಕೂತುಬಿಡುತ್ತಿತ್ತು.

ಕಿಚ್ಚೇನೋ ಇತ್ತು. ಒಲೆಗೆ ಶೇಂಗಾ ಹೊಟ್ಟು ತುಂಬಿ ಹಚ್ಚಿದರೆ ಮೇಲೆ ಉರಿ ಕಾಣುವುದಿಲ್ಲ, ಒಳಗಿನ ಕಾವು ಸಂಜೆಯಾದರೂ ಆರುವುದಿಲ್ಲ, ಹಾಗೆ. ಅದೂ ಊರ ಮೇಲೆಲ್ಲ ಅಲ್ಲ, ಒಬ್ಬಳೇ ಒಬ್ಬಳ ಮೇಲೆ. ಅವಳು ಗಂಗಲಕ್ಷ್ಮಿ.

ಕಾಮಣ್ಣನ ಎಣ್ಣೆ ಮಿಲ್ಲಿನ ಲೆಕ್ಕವನ್ನು ಅವನ ಅಪ್ಪನ ಕಾಲದಿಂದ ಬರೆಯುತ್ತಿದ್ದವನು ಕ್ಯಾತಪ್ಪ. ಬರೆಯುವುದಷ್ಟೇ ಅಲ್ಲ, ಎಣ್ಣೆಗೆ ಎಷ್ಟು ತೆರಿಗೆ, ಹಿಂಡಿಗೆ ಉಂಟೋ ಇಲ್ಲವೋ, ಯಾವ ಬಿಲ್ಲನ್ನು ಜೋಪಾನ ಮಾಡಬೇಕು, ಎಲ್ಲವನ್ನೂ ಕಾಮಣ್ಣ ಅವನನ್ನೇ ಕೇಳುತ್ತಿದ್ದ. ಯುಗಾದಿಯ ದಿನ ಮಿಲ್ಲಿನಲ್ಲಿ ಹೊಸ ಖಾತೆ ಪುಸ್ತಕಕ್ಕೆ ಪೂಜೆ. ಮೊದಲ ಹಾಳೆಯ ಮೇಲೆ ಲೆಕ್ಕ ಬರೆಯುವವನು 'ಶ್ರೀ' ಬರೆಯಬೇಕು, ಅವನ ಹೆಂಡತಿ ಅದಕ್ಕೆ ಅರಿಸಿನ ಕುಂಕುಮ ಇಡಬೇಕು. ಆಮೇಲೆ ಕಾಮಣ್ಣನ ಅವ್ವ ಮೂಗಮ್ಮ ಎಲ್ಲರಿಗಿಂತ ಮೊದಲು ಅವಳಿಗೆ ಉಡಿ ತುಂಬುತ್ತಿದ್ದಳು. ಸ್ವಂತ ಸೊಸೆಗೂ ಎರಡನೆಯ ಸರದಿ. ವರ್ಷದಲ್ಲಿ ಆ ಒಂದು ಹೊತ್ತು, ಕುರಿಯವರ ಮನೆಯ ಹೆಣ್ಣು ಮಂಜಮ್ಮ ಮಿಲ್ಲಿನ ಹೆಂಗಸರೆಲ್ಲರಿಗಿಂತ ಮುಂದೆ ಮಣೆಯ ಮೇಲೆ ಕೂರುತ್ತಿದ್ದಳು. ಉಳಿದ ದಿನಗಳನ್ನೆಲ್ಲ ಅವಳು ಆ ಹೊತ್ತಿನ ಬಲದ ಮೇಲೆ ನೂಕುತ್ತಿದ್ದಳು ಎಂದರೂ ಸುಳ್ಳಲ್ಲ.

ತೊಂಬತ್ತರ ದಶಕದಲ್ಲಿ ಕ್ಯಾತಪ್ಪನ ಕೈ ಕೆಳಗೆ ಕೆಲಸ ಕಲಿಯಲು ಬಂದವನು ಕೃಷ್ಣಮೂರ್ತಿ. ಬಿಕಾಂ ಓದಿದ ಹುಡುಗ, ಮಾತು ಕಡಿಮೆ, ಕಂಡಿದ್ದನ್ನು ಹಿಡಿಯುವ ತಲೆ. ಮಂಜಮ್ಮನೇ ಅವನಿಗೆ ಮುದ್ದೆ ಬಡಿಸಿದವಳು. ಮೊಳಕಾಲ್ಮೂರಿನ ರೇಷ್ಮೆ ನೇಯುವವರ ಮನೆಯಿಂದ ಹೆಣ್ಣು ತಂದಾಗ ಮುಂದೆ ನಿಂತು ಆರತಿ ಎತ್ತಿದವಳೂ ಅವಳೇ. ಆಮೇಲೆ ಅವನು ಬಸ್‌ಸ್ಟ್ಯಾಂಡಿನ ಹತ್ತಿರ ಸ್ವಂತ ಕೋಣೆ ಹಿಡಿದ, ಹೆಸರಿನ ಬೋರ್ಡು ಹಾಕಿಸಿದ, ಕಂಪ್ಯೂಟರ್ ತಂದ. ಕ್ಯಾತಪ್ಪನ ಕಣ್ಣಿಗೆ ಪೊರೆ ಬಂದ ವರ್ಷ ಕಾಮಣ್ಣ ಮನೆಗೆ ಬಂದು, ಕಾಫಿ ಕುಡಿದು, ನೆಲ ನೋಡುತ್ತ ಹೇಳಿದ: "ಕ್ಯಾತಣ್ಣ, ಇನ್ ಮ್ಯಾಲೆ ನಿಮ್ಮ ಕಣ್ಣಿಗೆ ಯಾಕೆ ತ್ರಾಸು? ಲೆಕ್ಕ ಎಲ್ಲ ಕೃಷ್ಣಮೂರ್ತಿ ನೋಡ್ಕಂತಾನೆ. ನಿಮ್ಮ ಶಿಷ್ಯನೇ ಅಲ್ವಾ?"

ಕ್ಯಾತಪ್ಪ "ಆಗ್ಲಿ ಬಿಡಪ್ಪ" ಎಂದ. ಮಂಜಮ್ಮ ಲೋಟ ಎತ್ತಿಕೊಂಡು ಒಳಗೆ ಹೋದಳು.

ಕಣ್ಣಿನ ಆಪರೇಷನ್ ಆಗಿ ಕ್ಯಾತಪ್ಪನಿಗೆ ಚೆನ್ನಾಗಿಯೇ ಕಾಣತೊಡಗಿತು. ಆದರೆ ಹೋದ ಮಿಲ್ಲು ತಿರುಗಿ ಬರಲಿಲ್ಲ. ಪಕ್ಕದ ಊರು ತಳಕಿನ ಒಂದೆರಡು ಕಿರಾಣಿ ಅಂಗಡಿ, ಪೇಟೆಯ ಕಂಬಳಿ ವ್ಯಾಪಾರಿಗಳು, ಇಷ್ಟೇ ಅವನಿಗೆ ಉಳಿದದ್ದು. ಅವನು ಅದರಲ್ಲೇ ತೃಪ್ತ. ಮಂಜಮ್ಮನಿಗೆ ಆ ಮಿಲ್ಲು ಬೇಕು. ಯುಗಾದಿಯ ಮಣೆ ಬೇಕು. ಈಗ ಅಲ್ಲಿ ಗಂಗಲಕ್ಷ್ಮಿ ಕೂರುತ್ತಾಳೆ. ಅದೂ ತವರಿನ ಹೊಸ ರೇಷ್ಮೆ ಸೀರೆ ಉಟ್ಟುಕೊಂಡು, ಸೆರಗಿನ ತುಂಬ ಜರಿಯ ನವಿಲು ಕುಣಿಸಿಕೊಂಡು.

ಅತ್ತ ಗಂಗಲಕ್ಷ್ಮಿಗೆ ಇದರ ಅರಿವೇ ಇಲ್ಲ. ಹುಳಿಗೆ ಉಪ್ಪು ಜಾಸ್ತಿಯಾದರೂ ಓಡಿ ಬರುವವಳು. "ಅಕ್ಕಾ, ಏಂ ಚೇಯಾಲಿ ಅಕ್ಕಾ, ಏನ್ ಮಾಡ್ಲಿ ಹೇಳಕ್ಕಾ" ಎಂದು ತೆಲುಗು ಕನ್ನಡ ಕಲಸಿ ಮಂಜಮ್ಮನ ಮುಂದೆ ಕೂರುತ್ತಿದ್ದಳು. ಮಂಜಮ್ಮ ಒಂದು ಆಲೂಗಡ್ಡೆ ಹಾಕಲು ಹೇಳಿ, ಅವಳು ಅತ್ತ ಹೋದ ಮೇಲೆ, "ಇಂಥೋಳಿಗೆ ಆ ಮಣೆ!" ಎಂದು ಗೋಡೆಗೆ ಹೇಳಿಕೊಳ್ಳುತ್ತಿದ್ದಳು.

ವ್ಯಾಟ್ ಎಂಬ ಹೊಸ ತೆರಿಗೆ ಬರುತ್ತದೆ ಎಂದು ಪೇಟೆಯೆಲ್ಲ ಗುಸುಗುಟ್ಟುತ್ತಿದ್ದ ಕಾಲ ಅದು. ಕೃಷ್ಣಮೂರ್ತಿ ತನ್ನ ಕೋಣೆಯಲ್ಲಿ ಗಾಜಿನ ಕಟ್ಟು ಹಾಕಿಸಿ ಒಂದು ಕಾಗದ ತೂಗುಹಾಕಿದ. ತೆರಿಗೆ ವಿಷಯದಲ್ಲಿ ತಾನು ಹೇಳಿದ ಮಾತು ತಪ್ಪಾಗಿ ಯಾರಿಗಾದರೂ ನಷ್ಟವಾದರೆ ವಿಮಾ ಕಂಪನಿ ತುಂಬಿಕೊಡುತ್ತದೆ ಎಂಬ ಕಾಗದ. ಅದನ್ನು ಮಾಡಿಸಿಕೊಟ್ಟವನು ದುರುಗೇಶ, ಹಳ್ಳಿ ಹಳ್ಳಿ ತಿರುಗಿ ಎಮ್ಮೆಗೆ ವಿಮೆ ಮಾಡಿಸುತ್ತಿದ್ದ ಏಜೆಂಟು. ಒಂದು ಗಿರಾಕಿ ಸಿಕ್ಕ ಹುರುಪಿನಲ್ಲಿ ಕ್ಯಾತಪ್ಪನ ಮನೆಗೂ ಬಂದ.

"ಏನಪ್ಪಾ ದುರುಗೇಶ, ಇಷ್ಟು ದಿನ ಎಮ್ಮೆ ಸತ್ರೆ ದುಡ್ಡು ಕೊಡಿಸ್ತಿದ್ದೆ. ಈಗ ನಮ್ಮನ್ನೂ ಎಮ್ಮೆ ಮಾಡಾಕೆ ಬಂದ್ಯಾ?" ಎಂದ ಕ್ಯಾತಪ್ಪ.

"ಎಮ್ಮೆಗಾದ್ರೆ ಕಿವಿಗೆ ಬಿಲ್ಲೆ ಹೊಡೀತೀವಿ ಕ್ಯಾತಣ್ಣ. ನಿಮಗೆ ಅದೊಂದು ಇಲ್ಲ, ಬರೀ ಕಾಗದ."

"ನೋಡು ಮತ್ತೆ, ಕಿವಿ ಉಳೀತು ನಂದು."

"ತಮಾಷೆ ಬಿಡಣ್ಣ. ಹೊಸ ತೆರಿಗೆ ಬರ್ತೈತೆ. ನೀವೊಂದು ಮಾತು ಹೇಳ್ತೀರಿ, ಅದು ತಪ್ಪಾಗುತ್ತೆ, ಸಾಹುಕಾರ ದಂಡ ಕಟ್ತಾನೆ. ಆಮೇಲೆ ನಿಮ್ಮ ಮನೆ ಬಾಗ್ಲಿಗೆ ಬರ್ತಾನೆ. ವರ್ಷ ವರ್ಷ ಕಂತು ಕಟ್ಟಿದ್ರೆ ಆ ನಷ್ಟ ಕಂಪನಿ ಹೊರುತ್ತೆ."

"ಅಂದ್ರೆ ನಾನು ತಪ್ಪು ಮಾಡೋನು ಅಂತ ಮೊದ್ಲೇ ಸಾರಿಕೊಂಡಂಗೆ. ಕೆನ್ನೆ ಕೊಯ್ದ್ರೆ ದುಡ್ಡು ಕೊಡ್ತೀನಿ ಅಂತ ಬೋರ್ಡು ಹಾಕಿದ ಅಂಗಡೀಲಿ ಯಾವನಪ್ಪಾ ಗಡ್ಡ ಬೋಳಿಸ್ಕಂತಾನೆ?"

ದುರುಗೇಶ ನಕ್ಕು ಚಹಾ ಹೀರಿದ. "ಕೃಷ್ಣಮೂರ್ತಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಒಂದೇ ಒಂದು ಎಚ್ಚರ ಇರ್ಬೇಕು. ತಕರಾರು ಬಂತು ಅಂದ್ಕೂಡ್ಲೆ ಕಂಪನಿಗೆ ತಿಳಿಸ್ಬೇಕು. ಕಂಪನಿ ಹೂಂ ಅನ್ನೋಕೆ ಮುಂಚೆ 'ನಂದೇ ತಪ್ಪು, ನಾನೇ ತುಂಬಿಕೊಡ್ತೀನಿ' ಅಂತ ಬಾಯಿ ಬಿಡಬಾರ್ದು. ಬಿಟ್ರೋ, ಕಂಪನಿ ಕೈ ಎತ್ತಿಬಿಡುತ್ತೆ."

"ತಪ್ಪು ಮಾಡಿ ತಪ್ಪಾಯ್ತು ಅನ್ನಂಗಿಲ್ವಾ? ಇದ್ಯಾವ ಸೀಮೆ ನ್ಯಾಯನೋ! ಬ್ಯಾಡಪ್ಪ ನಂಗೆ."

ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿದ್ದ ಮಂಜಮ್ಮ ಅಷ್ಟನ್ನೂ ಕೇಳಿದಳು. ಆಗ ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಗಂಗಲಕ್ಷ್ಮಿಯ ಗಂಡನಿಗೆ ಒಂದು ಕಂಪನಿಯೇ ಬೆನ್ನಿಗೆ ನಿಂತಿದೆಯಲ್ಲ, ತನ್ನ ಗಂಡನ ಬೆನ್ನಿಗೆ ಬನಿಯನ್ನೂ ಹರಿದಿದೆ ಎಂಬ ಸಂಕಟ ಮಾತ್ರ. ನಲ್ಲಿಯ ಹತ್ತಿರ ನೀರು ಹಿಡಿಯುವಾಗ, "ಕೇಳಿದ್ರೇನ್ರೇ, ಕೃಷ್ಣಮೂರ್ತಿ ತಪ್ಪು ಮಾಡಾಕೆ ಅಂತ್ಲೇ ಕಂತು ಕಟ್ಯಾನಂತೆ" ಎಂದು ಕಿಡಿ ಹಾರಿಸಿ ನೋಡಿದಳು. ಹೆಂಗಸರು ನಕ್ಕರು. ಅವರ ಗಂಡಂದಿರು ನಗಲಿಲ್ಲ. ಬೆನ್ನಿಗೆ ಕಂಪನಿ ಇರುವವನೇ ವಾಸಿ ಎಂದು ಇನ್ನಷ್ಟು ಅಂಗಡಿಯವರು ಕೃಷ್ಣಮೂರ್ತಿಯ ಕಡೆಗೇ ಹೋದರು. ಹಾರಿಸಿದ ಕಿಡಿ ತಿರುಗಿ ಅವಳ ಹೊಟ್ಟೆಗೇ ಬಿತ್ತು.

ಹೊಸ ತೆರಿಗೆ ಏಪ್ರಿಲ್ ಒಂದಕ್ಕೆ ಬಂತು. ಮಾರ್ಚ್ ಕಡೆಯ ದಿನ ಗೋದಾಮಿನಲ್ಲಿ ಎಷ್ಟು ಸರಕಿತ್ತು ಎಂದು ವ್ಯಾಪಾರಿಗಳು ಬರೆದುಕೊಟ್ಟರೆ, ಅದರ ಮೇಲೆ ಹಿಂದೆ ಕಟ್ಟಿದ ತೆರಿಗೆಯನ್ನು ಮುಂದಿನದರಲ್ಲಿ ಕಳೆದುಕೊಳ್ಳಬಹುದಿತ್ತು. ಆದರೆ ಆ ವರ್ಷ ಯುಗಾದಿ ಬಂದದ್ದು ಏಪ್ರಿಲ್ ಎರಡನೆಯ ವಾರಕ್ಕೆ. ಯುಗಾದಿಗೆ ಮುಂಚೆ, ಮುಗಿಯುತ್ತಿರುವ ಮುದಿ ಸಂವತ್ಸರದಲ್ಲಿ ಗೋದಾಮಿನ ಕಾಳು ತೂಗಬಾರದು, ತೂಗಿದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ ಎಂಬುದು ಮೂಗಮ್ಮನ ಕಟ್ಟಳೆ. ಅದು ಅವಳಿಗೆ ಅವಳ ಅತ್ತೆಯಿಂದ ಬಂದದ್ದು. ಕ್ಯಾತಪ್ಪನೂ ತನ್ನ ಕಾಲದಲ್ಲಿ ಯುಗಾದಿಯ ದಿನ ಪೂಜೆಯಾದ ಮೇಲೆಯೇ ತೂಗಿಸಿ, ಅದನ್ನೇ ಮಾರ್ಚ್ ಕಡೆಯ ದಿನದ್ದೆಂದು ಬರೆಯುತ್ತಿದ್ದ. ಹಳೆಯ ತೆರಿಗೆಯಲ್ಲಿ ಅದನ್ನು ಕೇಳುವವರಿರಲಿಲ್ಲ. ಶಿಷ್ಯನೂ ಹಾಗೆಯೇ ಮಾಡಿದ. "ಏನಾಗಲ್ಲ ಬಿಡ್ರಿ ಕಾಮಣ್ಣ, ಹಬ್ಬ ಆಗ್ಲಿ" ಎಂದು ಧೈರ್ಯ ಹೇಳಿದ.

ನಡುವಿನ ದಿನಗಳಲ್ಲಿ ಮಂಡಿಯಿಂದ ಶೇಂಗಾದ ಲೋಡುಗಳು ಬಂದು ಗೋದಾಮು ಸೇರಿದ್ದವು. ಅವುಗಳ ಬಿಲ್ಲಿನ ಮೇಲೆ ಏಪ್ರಿಲ್ ತಾರೀಕು. ಮರುವರ್ಷ ಅಧಿಕಾರಿಗಳು ಬಿಲ್ಲಿಗೂ ಬರೆದುಕೊಟ್ಟ ಸರಕಿನ ವಿವರಕ್ಕೂ ತಾಳೆ ನೋಡಿದರು. ಸುಳ್ಳು ವಿವರ ಎಂದು, ತೆರಿಗೆಯಲ್ಲಿ ಕಳೆದುಕೊಂಡದ್ದನ್ನೆಲ್ಲ ವಾಪಸು ಕೇಳಿ, ಮೇಲೆ ದಂಡವನ್ನೂ ಹಾಕಿದರು.

ಆ ಮಧ್ಯಾಹ್ನ ಮಂಜಮ್ಮ ಪಡಸಾಲೆಯಲ್ಲಿ ಮೊರ ಹಿಡಿದು ಸಜ್ಜೆ ಹಸನು ಮಾಡುತ್ತಿದ್ದಳು. ಕ್ಯಾತಪ್ಪ ತಳಕಿಗೆ ಹೋಗಿದ್ದ. ಗಂಗಲಕ್ಷ್ಮಿ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ಕುಸಿದಳು.

"ಅಕ್ಕಾ, ನಮ್ಮ ಮರ್ಯಾದಿ ಹೋಯ್ತಕ್ಕಾ!"

ನಡೆದದ್ದನ್ನೆಲ್ಲ ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಮಂಜಮ್ಮನ ಎದೆಯೊಳಗೆ ಮಜ್ಜಿಗೆ ಕುಡಿದಷ್ಟು ತಂಪಾಯಿತು. ಮೊರವನ್ನು ಪಕ್ಕಕ್ಕಿಟ್ಟಳು.

"ಕಾಮಣ್ಣ ಏನಂದ?"

"ಏನೂ ಅನ್ಲಿಲ್ಲ. ನೋಡಾನ ಅಂದ್ರು, ಅಷ್ಟೇ. ಬೈದಿದ್ರೆ ಚಲೋ ಇತ್ತು. ಇವ್ರು ನೋಡಿದ್ರೆ ದುರುಗೇಶಣ್ಣ ಬರೋವರ್ಗೂ ಯಾರ ಹತ್ರಾನೂ ಮಾತಾಡಲ್ಲ ಅಂತ ಕೋಣೆ ಬಾಗ್ಲು ಹಾಕ್ಕಂಡು ಕುಂತವ್ರೆ. ಆಯಪ್ಪ ಹೆಂಡ್ತಿ ಊರಿಗೆ ಹೋಗೈತೆ, ನಾಡಿದ್ದು ಬರುತ್ತೆ. ಅಲ್ಲೀವರ್ಗೂ ಏಂ ಚೇಯಾಲಿ ಅಕ್ಕಾ?"

ಆಗ ಆ ಮಾತು ಎದ್ದು ಬಂತು. ದುರುಗೇಶನ ಮಾತು, ಚಹಾದ ವಾಸನೆಯ ಸಮೇತ. ಬಾಯಿ ಬಿಡಬಾರ್ದು. ಬಿಟ್ರೋ, ಕಂಪನಿ ಕೈ ಎತ್ತಿಬಿಡುತ್ತೆ.

ಕೃಷ್ಣಮೂರ್ತಿ ತಾನಾಗಿ ಬಾಯಿ ಬಿಡುವವನಲ್ಲ ಎಂದು ಮಂಜಮ್ಮನಿಗೆ ಗೊತ್ತು. ಆದರೆ ಹೆಂಡತಿ ನಾಲ್ಕು ಜನರ ಮುಂದೆ ತಲೆ ಬಾಗಿಸಿದರೆ ತಾನೊಬ್ಬನೇ ತಲೆ ಎತ್ತಿ ನಿಲ್ಲುವವನೂ ಅಲ್ಲ. ಅದೂ ಗೊತ್ತು. ಕಂಪನಿ ಕೈ ಬಿಟ್ಟರೆ ದಂಡದ ಹೊರೆಗೆ ಅವನು ಮುರಿದು ಬೀಳುತ್ತಾನೆ. ತಪ್ಪು ಅವನ ಬಾಯಿಂದಲೇ ಬಂದ ಮೇಲೆ ಕಾಮಣ್ಣ ಅವನನ್ನು ಇಟ್ಟುಕೊಳ್ಳುವುದುಂಟೇ? ಲೆಕ್ಕ ಮತ್ತೆ ಕ್ಯಾತಪ್ಪನ ಕೈಗೆ. ಮಣೆ ಮತ್ತೆ ತನಗೆ.

"ನೋಡೇ ಗಂಗಾ," ಎಂದಳು ಅವಳ ಬೆನ್ನು ಸವರುತ್ತ, "ಕಂಪನಿ ಕಂಪನಿ ಅಂತ ಬಾಗ್ಲು ಹಾಕ್ಕಂಡು ಕುಂತ್ರೆ ಜನ ಏನಂತಾರೆ? ಉಂಡ ಮನೆಗೆ ಎರಡು ಬಗೆದ ಅಂತಾರೆ. ನಮ್ಮಲ್ಲಿ ತಪ್ಪಾದ್ರೆ ಹ್ಯಾಗ್ ಮಾಡ್ತಾರೆ? ಅವರ ಮನೆ ಹೊಸ್ತಿಲಾಗೆ ತಾಂಬೂಲ ಇಟ್ಟು, ತಪ್ಪಾಯ್ತು, ನಾವೇ ತುಂಬಿಕೊಡ್ತೀವಿ ಅಂತ ಕೈ ಮುಗೀತಾರೆ. ಮೂಗಮ್ಮ ಹಳೇ ಕಾಲದೋಳು. ನಿನ್ ಕಂಪನಿ ಗಿಂಪನಿ ಅವಳಿಗೆ ತಿಳಿಯಲ್ಲ, ತಾಂಬೂಲ ತಿಳಿಯುತ್ತೆ."

"ಇವ್ರು ಒಪ್ಪಲ್ಲಕ್ಕಾ."

"ನೀನು ಮುಂದೆ ಹೋಗು. ಹಿಂದೆ ಬರದೆ ಎಲ್ಲಿ ಹೋಗ್ತಾನೆ?"

"ನೀನೂ ಬರ್ತೀಯಾ ಅಕ್ಕಾ? ಒಬ್ಳೇ ಹೋಗಾಕೆ ಧೈರ್ಯ ಇಲ್ಲ ನಂಗೆ."

ಬರದೆ ಇರುತ್ತಾಳೆಯೇ? ಮಂಜಮ್ಮ ತಾನೇ ವೀಳ್ಯದೆಲೆ ಒರೆಸಿ, ತೊಟ್ಟು ಮುರಿದು, ಅಡಿಕೆ ತೆಂಗಿನಕಾಯಿ ಜೋಡಿಸಿದಳು. ತಟ್ಟೆಯೂ ಅವಳ ಮನೆಯದೇ.

ಸಂಜೆ ಕಾಮಣ್ಣನ ಮನೆಯ ಜಗಲಿಯಲ್ಲಿ ಮಿಲ್ಲಿನ ಮೇಸ್ತ್ರಿಗಳು, ಮಂಡಿಯ ದಲ್ಲಾಳಿಗಳು ಕುಳಿತಿದ್ದರು. ಗಂಗಲಕ್ಷ್ಮಿ ಹೊಸ್ತಿಲಲ್ಲಿ ತಟ್ಟೆ ಇಟ್ಟು ಮೂಗಮ್ಮನ ಕಾಲ ಬಳಿ ಹಣೆ ಮುಟ್ಟಿಸಿದಳು. ಸುದ್ದಿ ಕೇಳಿ ಓಡಿ ಬಂದ ಕೃಷ್ಣಮೂರ್ತಿ ಅಂಗಳದಲ್ಲಿ ಏದುಸಿರು ಬಿಡುತ್ತ ನಿಂತ. ಅವನ ಮುಖ ನೋಡಿದರೆ, ಹೆಂಡತಿಯ ಭುಜ ಹಿಡಿದು ಎಬ್ಬಿಸಿ ಕರೆದೊಯ್ಯಲು ಬಂದವನ ಹಾಗಿತ್ತು.

ಕಾಮಣ್ಣ ಕೇಳಿದ: "ನಿನ್ ಹೆಂಡ್ತಿ ತಪ್ಪಾಯ್ತು ಅಂತಾಳೆ. ನೀನೇನಂತೀಯಪ್ಪ ಕೃಷ್ಣಮೂರ್ತಿ?"

ಕೃಷ್ಣಮೂರ್ತಿ ನೆಲಕ್ಕೆ ಹಚ್ಚಿದ್ದ ಹೆಂಡತಿಯ ತಲೆ ನೋಡಿದ. ಕಂತು ಕಟ್ಟಿದವನು ಅವನು. ಈಗ ಬಾಯಿ ಬಿಟ್ಟರೆ ಏನಾಗುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದ. "ತಪ್ಪು ಅವಳ್ದಲ್ಲ, ನಂದು. ಹಬ್ಬ ಆಗ್ಲಿ ಅಂದೋನು ನಾನು. ನಾನೇ ತುಂಬಿಕೊಡ್ತೀನಿ ಕಾಮಣ್ಣ" ಎಂದ. ಆ ಪದ್ಧತಿ ಕಲಿಸಿದವರು ಯಾರು ಎಂದು ಹೇಳಲಿಲ್ಲ.

ಕಂಬಕ್ಕೆ ಒರಗಿ ನಿಂತಿದ್ದ ಮಂಜಮ್ಮ ಕಾಮಣ್ಣನ ಬಾಯಿಯನ್ನೇ ನೋಡಿದಳು. ಈಗ ಗುಡುಗುತ್ತಾನೆ ಕಾಮಣ್ಣ. ಈಗ, 'ನಾಳೆಯಿಂದ ಮಿಲ್ಲಿಗೆ ಕಾಲಿಡಬೇಡ' ಎನ್ನುತ್ತಾನೆ.

ಕಾಮಣ್ಣ ಗುಡುಗಲಿಲ್ಲ. ಮೂಗಮ್ಮ ಬಗ್ಗಿ ತಟ್ಟೆಯಿಂದ ಎಲೆ ಅಡಿಕೆ ಎತ್ತಿಕೊಂಡಳು. ತಾಂಬೂಲ ಎತ್ತಿಕೊಂಡರೆ ತಪ್ಪು ಮನ್ನಿಸಿದಂತೆ, ಮಾತು ಮುಗಿದಂತೆ.

"ಏಳೇ ತಾಯಿ," ಎಂದಳು ಮುದುಕಿ. "ಯುಗಾದಿಗೆ ಮುಂಚೆ ತೂಗಬ್ಯಾಡ ಅಂದೋಳು ನಾನು. ನಿನ್ ಗಂಡನ ಬಾಯಾಗೆ ನನ್ ಹೆಸ್ರು ಬರುತ್ತೆ ಅಂತ ಕಾಯ್ತಿದ್ದೆ. ಬರ್ಲಿಲ್ಲ. ಲೇ ಕಾಮ, ಅರ್ಧ ತಪ್ಪು ಈ ಮನೇದು ಕಣೋ, ಅರ್ಧ ನೀನು ಹೊರು."

"ಆಗ್ಲಿ ಅವ್ವ. ಲೆಕ್ಕ ಮಾತ್ರ ಇವನೇ ಬರೀಲಿ," ಎಂದ ಕಾಮಣ್ಣ, "ಜನರ ಮುಂದೆ ನಂದೇ ತಪ್ಪು ಅನ್ನೋನು ಪೇಟೇಲಿ ಇನ್ನೊಬ್ಬ ಸಿಗಲ್ಲ ನಂಗೆ."

ಮೂಗಮ್ಮ ಮಂಜಮ್ಮನ ಕಡೆ ತಿರುಗಿ, "ಹಿರಿಯೋಳು ಅಂದ್ರೆ ನಿನ್ನಂಗಿರ್ಬೇಕು ನೋಡು. ಜತೆಗೆ ಕರ್ಕಂಡು ಬಂದು ಒಳ್ಳೇ ದಾರಿ ತೋರ್ಸಿದೆ" ಎಂದಳು. ಜಗಲಿಯ ಜನವೆಲ್ಲ ತಲೆಯಾಡಿಸಿತು. ಅಷ್ಟು ಹೊಗಳಿಕೆ ಮಂಜಮ್ಮನಿಗೆ ಹುಟ್ಟಿದಾರಭ್ಯ ಸಿಕ್ಕಿರಲಿಲ್ಲ. ಪ್ರತಿ ಮಾತೂ ಸುಟ್ಟ ಗಾಯಕ್ಕೆ ಖಾರ ಹಚ್ಚಿದಂತಾಯಿತು.

ದುರುಗೇಶ ಬಂದ. ಕಂಪನಿಯವರು ಬಂದು ವಿಚಾರಿಸಿದರು. ಕೃಷ್ಣಮೂರ್ತಿ ಸುಳ್ಳು ಹೇಳಲಿಲ್ಲ. ಜಗಲಿಯಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿದ. ಕಂಪನಿ ಕೈ ಎತ್ತಿತು. ಮನೆ ಕಟ್ಟಲೆಂದು ಕೊಂಡಿದ್ದ ಸೈಟು ಮಾರಿ ಅವನು ತನ್ನ ಪಾಲಿಗೆ ಬಂದ ಅರ್ಧ ದಂಡ ಕಟ್ಟಿದ. ಸೈಟು ಹೋದ ಸುದ್ದಿ ಕೇಳಿದಾಗ ಮಂಜಮ್ಮನಿಗೆ ಒಂದು ಗಳಿಗೆ ಹಿತವಾಯಿತು. ಮರುಗಳಿಗೆಗೆ ಅದೂ ಕಹಿಯಾಯಿತು. ಸೈಟು ಕಳೆದುಕೊಂಡವರನ್ನು ಊರು ಇನ್ನಷ್ಟು ಎತ್ತಿ ಮೆರೆಸುತ್ತಿತ್ತಲ್ಲ.

ಕ್ಯಾತಪ್ಪ ಊಟಕ್ಕೆ ಕೂತಾಗ ಕೇಳಿದ: "ಯುಗಾದಿ ದಿನ ತೂಗ್ಸೋದು ಕಲ್ಸಿದ್ದು ನಾನು. ಆ ಹುಡುಗ ನನ್ ಹೆಸ್ರು ಎತ್ತಲಿಲ್ಲ. ಆ ಮಿಲ್ಲು ನಮ್ಮ ಕೈಲೇ ಇದ್ದಿದ್ರೆ ನಾನೂ ಅದನ್ನೇ ಮಾಡ್ತಿದ್ದೆ, ಈ ಮನೆ ಹರಾಜಾಗ್ತಿತ್ತು, ಗೊತ್ತೇನೇ?"

"ನಿಮಗೆ ನಿಮ್ಮ ಶಿಷ್ಯನ್ನ ಹೊಗಳದೆ ಮುದ್ದೆ ಇಳಿಯಲ್ಲ."

"ಅದು ಬಿಡು. ದುರುಗೇಶ ಅವತ್ತು ಇಲ್ಲೇ ಕುಂತು ಹೇಳಿದ್ದ, ಬಾಯಿ ಬಿಡಬಾರ್ದು ಅಂತ. ನೀನು ಬಿಸ್ಕತ್ತು ಹಿಡ್ಕಂಡು ನಿಂತಿದ್ದೆ."

ಮಂಜಮ್ಮ ಸಾರು ಬಡಿಸಿದಳು.

"ಮರ್ತಿದ್ದೆ ಅಂತ ಮಾತ್ರ ಅನ್ಬ್ಯಾಡ. ನೀನು ಏನನ್ನೂ ಮರೆಯೋಳಲ್ಲ" ಎಂದು ಕ್ಯಾತಪ್ಪ ಕೈ ತೊಳೆದುಕೊಂಡ. ಮುದ್ದೆ ಅರ್ಧ ಹಾಗೆಯೇ ಉಳಿಯಿತು.

ಮಂಜಮ್ಮ ಆ ಮಾತು ಕೇಳಿಸಿಕೊಂಡಿದ್ದಳು ಎಂದು ಗಂಗಲಕ್ಷ್ಮಿಗೆ ಹೇಳಿದವನು ಅವನಲ್ಲ, ದುರುಗೇಶ. ಬೇಕೆಂದು ಹೇಳಿದ್ದೂ ಅಲ್ಲ. "ಕ್ಯಾತಣ್ಣನ ಮನೇಲೂ ಇದೇ ಮಾತು ಒತ್ತಿ ಹೇಳಿದ್ದೆ ಕಣಮ್ಮ, ಮಂಜಮ್ಮನೂ ಅಲ್ಲೇ ನಿಂತು ಕೇಳ್ತಿದ್ಲು. ನಿಮ್ಮನ್ನ ತಡೀಬೇಕಿತ್ತು ಅವ್ಳು" ಎಂದು ಪೇಚಾಡಿದನಂತೆ.

ಸಂತೆಯ ದಿನ ಸೊಪ್ಪಿನವಳ ಮುಂದೆ ಇಬ್ಬರೂ ಎದುರಾದರು. ಗಂಗಲಕ್ಷ್ಮಿ ನೂಲಿನ ಸೀರೆ ಉಟ್ಟಿದ್ದಳು. ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟೂ ಕಾಣಲಿಲ್ಲ.

"ಒಂದು ಮಾತು ಕೇಳ್ತೀನಿ. ತಾಂಬೂಲ ಇಟ್ರೆ ಕಂಪನಿ ದುಡ್ಡು ಕೊಡಲ್ಲ ಅಂತ ನಿಂಗೆ ಗೊತ್ತಿತ್ತಾ ಅಕ್ಕಾ?"

ಗೊತ್ತಿತ್ತು ಎಂಬ ಮಾತು ಮಂಜಮ್ಮನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವಳು ಮೆಂತ್ಯದ ಕಟ್ಟು ತಿರುವಿ ಹಾಕುತ್ತ, "ನಂಗೇನೇ ತಿಳಿಯುತ್ತೆ? ಓದಿದೋಳಾ ನಾನು? ಅದೆಲ್ಲ ಗಂಡಸರ ವ್ಯವಹಾರ" ಎಂದಳು.

ಗಂಗಲಕ್ಷ್ಮಿ ತನ್ನ ಸೊಪ್ಪಿನ ಕಟ್ಟನ್ನು ಚೀಲಕ್ಕೆ ಹಾಕಿಕೊಂಡಳು.

"ಹೌದು ಬಿಡ್ರಿ. ನಿಮಗ್ಹೆಂಗೆ ತಿಳೀಬೇಕು. ಬರ್ತೀನ್ರಿ ಮಂಜಮ್ಮನೋರೇ."

ಅಷ್ಟು ಮರ್ಯಾದೆಯ ಮಾತು ಗಂಗಲಕ್ಷ್ಮಿಯ ಬಾಯಿಂದ ಅವಳು ಕೇಳಿದ್ದು ಅದೇ ಮೊದಲು. ಆಮೇಲೆ ಎಲ್ಲಿ ಸಿಕ್ಕರೂ ಹಾಗೆಯೇ: ಬನ್ನಿ, ಕೂತ್ಕಳ್ಳಿ, ಚೆನ್ನಾಗಿದ್ದೀರಾ ಮಂಜಮ್ಮನೋರೇ. ಹುಳಿಗೆ ಉಪ್ಪು ಜಾಸ್ತಿಯಾದರೆ ಈಗ ಅವಳು ಮಂಜಮ್ಮನ ಎದುರು ಮನೆಯ ಪಾತಮ್ಮನ ಬಳಿ ಓಡುತ್ತಿದ್ದಳು. "ಅಕ್ಕಾ, ಏಂ ಚೇಯಾಲಿ ಅಕ್ಕಾ" ಎಂಬ ಧ್ವನಿ ಬೀದಿ ದಾಟಿ ಮಂಜಮ್ಮನ ಅಡುಗೆಮನೆಗೆ ಕೇಳುತ್ತಿತ್ತು. ಮಿಲ್ಲು, ಮಣೆ, ಜರಿ ಸೀರೆ, ಯಾವುದಕ್ಕೂ ಉರಿಯದಷ್ಟು ಹೊಟ್ಟೆ ಆಗ ಉರಿಯುತ್ತಿತ್ತು. ಈ ಸಲ ಪಾತಮ್ಮನ ಮೇಲೆ.